ಹಳೆ ಮಿಲಿಟರಿ ಗಾಡಿಯ ಬಾಡಿ ಕೂಡಿಸಲು ಯಾವ ಡೀಸೆಲ್ ಚಾಸಿ ಸರಿ?

ಹೋದ ಬೇಸಿಗೆಯಲ್ಲಿ ಕಮಲಾಪುರ ಕಡೆಯ ರೈತರೊಬ್ಬರು ಕಲಬುರಗಿಯ ನಮ್ಮ ಗ್ಯಾರೇಜಿಗೆ ಬಂದು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಬಾವಿ ಹತ್ತಿರ ಬೇವಿನ ಮರದ ಕೆಳಗೆ ನಿಂತ ಡಾಜ್ ಗಾಡಿ. ಎರಡನೇ ಮಹಾಯುದ್ಧದ ಕಾಲದ ಡಬ್ಲ್ಯುಸಿ-51, ವೆಪನ್ ಕ್ಯಾರಿಯರ್ ಅಂತಾರಲ್ಲ ಅದು. ಅಗಲವಾದ ಬಾನೆಟ್ಟು, ಬಾಗಿಲಿಲ್ಲದ ಮುಂಭಾಗ, ಹಿಂದೆ ಕಟ್ಟಿಗೆ ಪಟ್ಟಿಯ ಸೀಟುಗಳಿದ್ದ ಡಬ್ಬಿ. ಅವರ ತಂದೆ ಡಿಸ್ಪೋಸಲ್‌ನಲ್ಲಿ, ಅಂದರೆ ಮಿಲಿಟರಿಯವರು ಹಳೆ ಗಾಡಿ ಮಾರುವ ಹರಾಜಿನಲ್ಲಿ, ಕೊಂಡದ್ದಂತೆ. ಎಂಜಿನ್ ಹೋಗಿ ಎಷ್ಟೋ ವರ್ಷವಾಗಿದೆ.

"ಮಿಸ್ತ್ರಿ, ಇದರ ಬಾಡಿ ಎತ್ತಿ ಸ್ಕಾರ್ಪಿಯೋದ ಚಾಸಿ ಮ್ಯಾಲ ಕೂಡಸ್ಬೇಕಂತೀನಿ. ಆಗ್ತದೇನು?"

"ಆಗೂದು ಬಿಡೂದು ಆಮ್ಯಾಲ ನೋಡೂಣು ಕಾಕಾ. ಗಾಡಿದು ಕಾಗದ ಅವೇನು? ಮುಂದಿನ ಗಾಲಿ ನಡುವಿನಿಂದ ಹಿಂದಿನ ಗಾಲಿ ನಡುವಿಗೆ ಎಷ್ಟು ಇಂಚದ?"

ಎರಡಕ್ಕೂ ಅವರ ಬಳಿ ಉತ್ತರ ಇರಲಿಲ್ಲ. ಈ ಕೆಲಸಕ್ಕೆ ಬರುವ ಬಹುತೇಕರ ಬಳಿ ಇರುವುದಿಲ್ಲ. ಎಲ್ಲರೂ ಎಂಜಿನ್ನಿನಿಂದ ಶುರು ಮಾಡುತ್ತಾರೆ. ಎಷ್ಟು ಪವರ್, ಎಷ್ಟು ಆವರೇಜ್, ಯಾವ ಕಂಪನಿ. ಆದರೆ ಚಾಸಿ, ಅಂದರೆ ಎಂಜಿನ್ನೂ ಬಾಡಿಯೂ ಕೂರುವ ಕೆಳಗಿನ ಕಬ್ಬಿಣದ ಚೌಕಟ್ಟು, ಆರಿಸಬೇಕಾದದ್ದು ಬಾಡಿಯ ಅಳತೆ ಮತ್ತು ಗಾಡಿಯ ಕಾಗದ ನೋಡಿ. ಎಂಜಿನ್ ಕೊನೆಯ ಮಾತು. ಇದನ್ನು ತಿರುವುಮುರುವು ಮಾಡಿದವರ ಗಾಡಿಗಳು ಅರ್ಧ ಕತ್ತರಿಸಿದ ಬಾಡಿಯೊಂದಿಗೆ ಗ್ಯಾರೇಜಿನ ಹಿತ್ತಿಲಲ್ಲಿ ಮಳೆಗೆ ನೆನೆಯುವುದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಹಾಗೆ ಕತ್ತರಿಸಿದ ತಗಡು ಮತ್ತೆ ಹುಟ್ಟುವುದಿಲ್ಲ.

ನಮ್ಮ ಕಡೆ ಇಂಥ ಗಾಡಿಗಳ ಮೇಲೆ ಪ್ರೀತಿ ಇರುವುದಕ್ಕೆ ಕಾರಣವೂ ಇದೆ. 1948ರ ಸೆಪ್ಟೆಂಬರ್ 13ರಂದು ಹೈದರಾಬಾದ್ ನಿಜಾಮನ ಸಂಸ್ಥಾನದ ಮೇಲೆ ಪೊಲೀಸ್ ಆ್ಯಕ್ಷನ್ ಶುರುವಾದಾಗ ಭಾರತದ ಸೇನೆಯ ಮುಖ್ಯ ಪಡೆ ಬಂದದ್ದು ಸೊಲ್ಲಾಪುರ ಕಡೆಯಿಂದ, ನಳದುರ್ಗ, ಹುಮನಾಬಾದ್, ಜಹೀರಾಬಾದ್ ಹಾದಿಯಲ್ಲಿ. ಆ ಸಾಲುಗಟ್ಟಿದ ಲಾರಿಗಳ ಮಾತು ಹಿರಿಯರಿಂದ ಮಕ್ಕಳಿಗೆ ದಾಟಿ ಬಂದಿದೆ. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ಊರೂರಲ್ಲಿ ನಿವೃತ್ತ ಸೈನಿಕರಿದ್ದಾರೆ. ಹಾಗಾಗಿ ಸೇನೆಗಾಗಿ ಜಬಲ್ಪುರದಲ್ಲಿ ತಯಾರಾದ ಒಂದು ಜೊಂಗಾ ಜೀಪು, ಒಂದು ನಿಸಾನ್ ಒನ್ ಟನ್ ಸಣ್ಣ ಲಾರಿ, ಒಂದು ಶಕ್ತಿಮಾನ್ ಲಾರಿ ಕಂಡರೆ ನಮ್ಮ ಜನ ಮುಟ್ಟದೆ ಮುಂದೆ ಹೋಗುವುದಿಲ್ಲ.

ಮೊದಲ ಆಯ್ಕೆ: ಮುಟ್ಟದೆ ಬಿಡುವುದು

ಗಾಡಿ ಪೂರ್ತಿ ಇದ್ದು, ಮೂಲ ಎಂಜಿನ್ ತಿರುಗುವಂತಿದ್ದು, ಆರ್‌ಸಿಯೂ ಇದ್ದರೆ ದಯವಿಟ್ಟು ಬಾಡಿ ಎತ್ತಬೇಡಿ. ನನ್ನ ದುಡಿಮೆಗೆ ನಷ್ಟವಾದರೂ ಇದನ್ನೇ ಹೇಳುತ್ತೇನೆ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆ ಗಾಡಿಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 'ವಿಎ' ಅಕ್ಷರಗಳಿರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಹತ್ತು ವರ್ಷ ಚಾಲ್ತಿ. ದಿನನಿತ್ಯದ ಓಡಾಟಕ್ಕೆ ಅಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಇಂಧನ ತುಂಬಿಸುವುದು, ಇಷ್ಟಕ್ಕೆ ರಸ್ತೆಗೆ ಇಳಿಸಬಹುದು. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಮಾಡಿದ ಗಾಡಿಗೆ ಈ ಮಾನ್ಯತೆ ಸಿಗುವುದಿಲ್ಲ. ಜಬಲ್ಪುರದಲ್ಲಿ ಜೊಂಗಾ ತಯಾರಿ ಶುರುವಾದದ್ದು 1969ರಲ್ಲಿ, ಶಕ್ತಿಮಾನ್ ಅದಕ್ಕೂ ಹತ್ತು ವರ್ಷ ಮೊದಲು. ಅಂದರೆ ಇವತ್ತು ಗುಜರಿ ಅಂತ ಕಾಣುವ ಗಾಡಿ ನಾಳೆ ಆ ಪಟ್ಟಿಗೆ ಸೇರಬಹುದು. ಬಾಡಿ ಎತ್ತಿದ ದಿನವೇ ಆ ಬಾಗಿಲು ಮುಚ್ಚಿತು ಅಂತ ತಿಳಿಯಿರಿ.

ಪೆಟ್ರೋಲ್ ಕುಡಿಯುತ್ತದೆ ಅನ್ನುವುದು ಎಲ್ಲರ ದೂರು. ನಿಜ. ಜೊಂಗಾದ್ದು ಸುಮಾರು ನಾಲ್ಕು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್. ಆದರೆ ವರ್ಷಕ್ಕೆ ನಾಲ್ಕು ಸಲ ಹೊರಡುವ ಗಾಡಿಗೆ ಆ ಖರ್ಚು, ಚಾಸಿ ಬದಲಿಸುವ ಖರ್ಚಿನ ಮುಂದೆ ಏನೂ ಅಲ್ಲ.

ಕಾಗದದ ಮಾತು

ಗಾಡಿಯ ಜಾತಕ ಇರುವುದು ಚಾಸಿ ನಂಬರಿನಲ್ಲಿ. ಡಾಜ್‌ನ ಬಾಡಿಯನ್ನು ಬೊಲೆರೊ ಚಾಸಿಯ ಮೇಲೆ ಕೂಡಿಸಿದರೆ, ಕಣ್ಣಿಗೆ ಅದು ಡಾಜ್, ಕಾಗದದಲ್ಲಿ ಬೊಲೆರೊ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ತಾಳೆಯಾಗದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಆದ್ದರಿಂದ ಕಲಬುರಗಿಯ ಕೆಎ-32 ಇರಲಿ, ಯಾದಗಿರಿಯ 33 ಇರಲಿ, ಬೀದರಿನ 38 ಇರಲಿ, ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಕೇಳದೆ ಕೆಲಸ ಶುರು ಮಾಡಬೇಡಿ. "ಆಮ್ಯಾಲ ಪಾಸಿಂಗ್ ಮಾಡಿಸ್ಕೊಂಡ್ರಾಯ್ತು" ಅನ್ನುವ ಏಜೆಂಟರ ಮಾತು ನಂಬಬೇಡಿ. ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ನೋಡುವುದೇ ಆರ್‌ಸಿ ಮತ್ತು ಗಾಡಿ ಒಂದಕ್ಕೊಂದು ಹೊಂದುತ್ತವೆಯೇ ಅಂತ.

ಮಿಲಿಟರಿ ಹರಾಜಿನಲ್ಲಿ ಕೊಂಡ ಗಾಡಿಯನ್ನು ಹೊಸದಾಗಿ ನೋಂದಾಯಿಸಲು ಫಾರಂ 21ರಲ್ಲಿ ಸೇನೆಯ ಅಧಿಕಾರಿಗಳು ಕೊಟ್ಟ ಮೂಲ ಮಾರಾಟ ಪತ್ರ ಬೇಕು. ಮೂರನೇ ಕೈಯಿಂದ ಕೊಳ್ಳುವವರು ಇದನ್ನೇ ಮರೆಯುತ್ತಾರೆ. ಬಣ್ಣದ ವಿಷಯವೂ ಅಷ್ಟೇ: ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಖಾಸಗಿ ಗಾಡಿಗೆ ಹಚ್ಚಿ ರಸ್ತೆಗೆ ಇಳಿಸುವಂತಿಲ್ಲ. ಸೇನೆಯ ಬಾಣದ ಗುರುತಿನ ನಂಬರ್ ಪ್ಲೇಟೂ ಬೇಡ. ನಾನು ಮಣ್ಣಿನ ಬಣ್ಣ ಅಥವಾ ಬೂದು ಬಣ್ಣ ಹಚ್ಚಿಕೊಡುತ್ತೇನೆ. ಹಳೆ ತಗಡಿಗೆ ಅದೂ ಚೆನ್ನಾಗಿಯೇ ಒಪ್ಪುತ್ತದೆ.

ಇಷ್ಟೆಲ್ಲ ಆದಮೇಲೆ ಉಳಿಯುವ ನೇರ ದಾರಿ ಒಂದೇ. ಚಾಸಿ ಬದಲಿಸಿದ ಗಾಡಿ ಹೊಲ, ತೋಟ, ಸ್ವಂತ ಜಾಗ, ಪ್ರದರ್ಶನದ ಮೈದಾನ, ಇಷ್ಟರೊಳಗೇ ಇರಬೇಕು. ಜಾತ್ರೆಗೋ ಮೆರವಣಿಗೆಗೋ ಒಯ್ಯಬೇಕಾದರೆ ಲಾರಿಯ ಮೇಲೆ ಹೇರಿಕೊಂಡು ಹೋಗಿ. ಈ ಮಾತು ಒಪ್ಪಿದವರ ಕೆಲಸ ಮಾತ್ರ ನಾನು ಹಿಡಿಯುತ್ತೇನೆ.

ಅಳೆಯುವುದು ಹೇಗೆ

ನಮ್ಮ ಗ್ಯಾರೇಜಿಗೆ ಶಹಾಬಾದ್ ಪರಸಿ ಕಲ್ಲು ಹಾಸಿದೆ. ಆ ನೆಲವೇ ನನ್ನ ಕಾಗದ. ಬಾಡಿಯನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಮಟ್ಟಸವಾಗಿ ಕೂಡಿಸಿ, ಮಡ್‌ಗಾರ್ಡಿನ ಕಮಾನಿನ ನಡುವಿನಿಂದ ತೂಗುಗುಂಡು ಇಳಿಬಿಡುತ್ತೇನೆ. ಗುಂಡು ಅಲ್ಲಾಡುವುದು ನಿಂತಾಗ ಅದರ ಮೊನೆ ಮುಟ್ಟಿದಲ್ಲಿ ಸೀಮೆಸುಣ್ಣದಿಂದ ಗುರುತು. ನಾಲ್ಕೂ ಗಾಲಿ, ರೇಡಿಯೇಟರಿನ ಜಾಲರಿ, ಡ್ಯಾಶ್‌ಬೋರ್ಡಿನ ಕೆಳಗೆ ಸ್ಟೇರಿಂಗ್ ಬರುವ ತೂತು, ಪೆಡಲ್, ಸೀಟಿನ ಹಿಂದಿನ ಗೋಡೆ, ಎಲ್ಲದಕ್ಕೂ ಹೀಗೇ. ಬಾಡಿ ಆಚೆ ಸರಿಸಿದರೆ ನೆಲದ ಮೇಲೆ ಅದರ ನೆರಳು ಉಳಿಯುತ್ತದೆ. ಆಮೇಲೆ ಚಾಸಿಯನ್ನು ಅದರ ಮೇಲೆ ತಳ್ಳಿ ನಿಲ್ಲಿಸಿ ಮತ್ತೆ ಗುಂಡು ಇಳಿಬಿಡುವುದು, ಈ ಸಲ ಬೇರೆ ಬಣ್ಣದ ಸುಣ್ಣ. ಎರಡು ಬಣ್ಣದ ನಡುವಿನ ಅಂತರವೇ ನಿಮ್ಮ ಮುಂದಿನ ಆರು ತಿಂಗಳ ಕೆಲಸ.

ತೂಕವನ್ನೂ ಮರೆಯಬಾರದು. ಬಾಡಿಯನ್ನು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೇರಿ ಕಾಟಾಕ್ಕೆ ಒಯ್ದು ತೂಗಿಸಿ, ಖಾಲಿ ಟ್ರಾಲಿಯ ತೂಕ ಕಳೆಯಿರಿ. ಹಳೆ ತಗಡು ದಪ್ಪ. ಹೊಸ ಗಾಡಿಯ ಬಾಡಿಯ ಲೆಕ್ಕದಲ್ಲಿ ಊಹಿಸಿದರೆ ಪಾಟಾ (ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಕುಸಿಯುತ್ತದೆ.

407ರ ಚಾಸಿ

1986ರಿಂದ ಓಡುತ್ತಿರುವ ಟಾಟಾ 407 ನಮ್ಮ ಕಡೆಯ ಮೊದಲ ಆಯ್ಕೆ. ಕಾರಣಗಳು ಎದ್ದು ಕಾಣುತ್ತವೆ. ಹುಮನಾಬಾದ್‌ನಿಂದ ಯಾದಗಿರಿವರೆಗೆ ಯಾವ ಊರಿಗೆ ಹೋದರೂ ಅದರ ಸಾಮಾನು ಸಿಗುತ್ತದೆ. ಚಾಸಿ ಗಟ್ಟಿ. ಮುಂದೆ ಗಟ್ಟಿ ಕಬ್ಬಿಣದ ಐ-ಬೀಮ್ ಆಕ್ಸೆಲ್, ಪಾಟಾ, 16 ಇಂಚಿನ ರಿಮ್ಮು. ಡಾಜ್‌ನದೂ 16 ಇಂಚಿನ ರಿಮ್ಮೇ ಆದ್ದರಿಂದ ಎತ್ತರದ ಟೈರು ಸಿಗುವುದು ಕಷ್ಟವಲ್ಲ, ಗಾಲಿ ನೋಡಲೂ ಹಳೆಯದರಂತೆ ತುಂಬಿಕೊಂಡು ಕಾಣುತ್ತದೆ. ಹಳೆ 407ರ 2956 ಸಿಸಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನೋಝಲ್ ಪಂಪು ಒಂದು ಸರಿ ಇದ್ದರೆ ಸಾಕು, ವೈರಿಂಗಿನ ತಲೆನೋವು ಇಲ್ಲ.

ಆದರೆ ಒಂದು ದೊಡ್ಡ ತೊಡಕು ಇದೆ, ಅದು ಕೆಲಸ ಅರ್ಧಕ್ಕೆ ಬಂದಾಗ ಮಾತ್ರ ಗೊತ್ತಾಗುತ್ತದೆ. 407ರಲ್ಲಿ ಡ್ರೈವರ್ ಕೂರುವುದು ಎಂಜಿನ್ನಿನ ಪಕ್ಕದಲ್ಲಿ, ಹೆಚ್ಚು ಕಡಿಮೆ ಮುಂದಿನ ಗಾಲಿಯ ಹತ್ತಿರ. ಹಳೆ ಮಿಲಿಟರಿ ಗಾಡಿಗಳಲ್ಲಿ ಉದ್ದ ಬಾನೆಟ್ಟು, ಡ್ರೈವರ್ ಕೂರುವುದು ಎಂಜಿನ್ನಿನ ಹಿಂದೆ. ಗಾಲಿಯನ್ನು ಮಡ್‌ಗಾರ್ಡಿನ ನಡುವಿಗೆ ತಂದು ನಿಲ್ಲಿಸಿದ ಕೂಡಲೇ ಸ್ಟೇರಿಂಗ್ ಬಾಕ್ಸು ಒಂದು ಕಡೆ, ಸ್ಟೇರಿಂಗ್ ಚಕ್ರ ಇನ್ನೊಂದು ಕಡೆ ಆಗುತ್ತವೆ. ಶಾಫ್ಟು ಉದ್ದ ಮಾಡಬೇಕು, ನಡುವೆ ಎರಡು ಯುನಿವರ್ಸಲ್ ಜಾಯಿಂಟು, ಅದಕ್ಕೊಂದು ಆಧಾರದ ಬೇರಿಂಗು. ಪೆಡಲುಗಳು, ಕ್ಲಚ್ಚಿನ ಪೈಪು, ಗೇರ್ ಲಿವರಿನ ಜಾಗ, ಎಲ್ಲವೂ ಹಿಂದಕ್ಕೆ ಬರಬೇಕು. ಸ್ಟೇರಿಂಗ್ ಶಾಫ್ಟಿಗೆ ವೆಲ್ಡಿಂಗ್ ಮಾಡಿ ಉದ್ದ ಮಾಡಿದ ಕೆಲಸ ಯಾರೇ ತೋರಿಸಲಿ, ನಾನು ಆ ಗಾಡಿ ಹತ್ತುವುದಿಲ್ಲ. ಸ್ಪ್ಲೈನ್ (ತುದಿಯಲ್ಲಿ ಕೊರೆದ ಹಲ್ಲು) ಇರುವ ಶಾಫ್ಟನ್ನೇ ಹುಡುಕಿ, ಜಾಯಿಂಟಿಗೆ ಬೋಲ್ಟ್ ಹಾಕಿ ಕೂಡಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ.

ಇನ್ನೊಂದು ಉದ್ದದ ಪ್ರಶ್ನೆ. 407ರ ಗಿಡ್ಡ ಚಾಸಿಯ ವೀಲ್‌ಬೇಸ್ (ಮುಂದಿನ ಗಾಲಿ ನಡುವಿನಿಂದ ಹಿಂದಿನ ಗಾಲಿ ನಡುವಿನವರೆಗಿನ ಉದ್ದ) ಸುಮಾರು 2955 ಮಿ.ಮೀ., ಉದ್ದದ್ದು ಸುಮಾರು 3305. ನಿಸಾನ್ ಒನ್ ಟನ್ ಬಾಡಿಯನ್ನು ನಾನು ಗಿಡ್ಡ ಚಾಸಿಗೆ ಹಿಡಿದು ನೋಡಿದಾಗ ಆರು ಇಂಚಿನಷ್ಟು ವ್ಯತ್ಯಾಸ ಬಂತು. ನಿಸಾನಿನ ಮುಂಭಾಗ ಬೇರೆ, ಹಿಂದಿನ ಡಬ್ಬಿ ಬೇರೆ. ಡಬ್ಬಿಯನ್ನು ಆರು ಇಂಚು ಹಿಂದೆ ಸರಿಸಿ, ನಡುವಿನ ಸಂದಿಯಲ್ಲಿ ಜೆರಿಕ್ಯಾನ್ ಇಡುವ ಕಟ್ಟು ಮಾಡಿದೆವು. ಒಂದು ಇಂಚು ತಗಡನ್ನೂ ಕತ್ತರಿಸಲಿಲ್ಲ. ಅದೇ ಡಾಜ್ ವೆಪನ್ ಕ್ಯಾರಿಯರಿನ ವೀಲ್‌ಬೇಸ್ 98 ಇಂಚು, ಅಂದರೆ 2489 ಮಿ.ಮೀ. ಗಿಡ್ಡ 407ಕ್ಕಿಂತಲೂ ಒಂದೂವರೆ ಅಡಿ ಕಡಿಮೆ. ಅಷ್ಟು ದೊಡ್ಡ ಸಂದಿಯನ್ನು ಯಾವ ಕಟ್ಟೂ ಮುಚ್ಚುವುದಿಲ್ಲ. ಚಾಸಿ ಕತ್ತರಿಸಿ ಗಿಡ್ಡ ಮಾಡಬೇಕು, ಅದನ್ನು ನಾನು ಮಾಡುವುದಿಲ್ಲ. 126 ಇಂಚಿನ ಡಾಜ್ ಪವರ್ ವ್ಯಾಗನ್ ಎಲ್ಲಾದರೂ ಸಿಕ್ಕರೆ ಮಾತು ಬೇರೆ, ಉದ್ದದ 407ಕ್ಕೂ ಅದಕ್ಕೂ ನಾಲ್ಕು ಇಂಚಿನ ಅಂತರ ಅಷ್ಟೇ.

ಹಿಂದಿನ ಜೋಡಿ ಗಾಲಿ ಬಗ್ಗೆಯೂ ಒಂದು ಮಾತು. ಒಂಟಿ ಗಾಲಿಗಾಗಿ ಮಾಡಿದ ಹಳೆ ಡಬ್ಬಿಯ ಕೆಳಗೆ ಜೋಡಿ ಗಾಲಿ ಹಿಡಿಸುವುದಿಲ್ಲ. ಹೊರಗಿನದು ತೆಗೆದರೆ ಒಳಗಿನದು ತೀರ ಒಳಗೆ ಕೂರುತ್ತದೆ. ಮೊದಲೇ ಅಳೆದುಕೊಳ್ಳಿ.

ಬೊಲೆರೊ, ಸ್ಕಾರ್ಪಿಯೊ, ಥಾರ್

ಇವುಗಳ ಚೆಲುವು ಇರುವುದು ಡ್ರೈವರಿನ ಜಾಗದಲ್ಲಿ. ಮುಂದೆ ಬಾನೆಟ್ಟು, ಹಿಂದೆ ಸ್ಟೇರಿಂಗು, ಹಳೆ ಗಾಡಿಗಳ ಕ್ರಮವೇ. ಪೆಡಲ್ ಜಾಗ ಹೆಚ್ಚು ಬದಲಾಗುವುದಿಲ್ಲ. ಬೊಲೆರೊ ಮತ್ತು ಸ್ಕಾರ್ಪಿಯೊದ ವೀಲ್‌ಬೇಸ್ 2680 ಮಿ.ಮೀ., 2010ರಿಂದ 2020ರವರೆಗೆ ಬಂದ ಥಾರ್‌ನದು 2430. ಡಾಜ್‌ನ 2489ಕ್ಕೆ ಥಾರ್ ಎರಡೂಕಾಲು ಇಂಚಿನಷ್ಟು ಹತ್ತಿರ. ಕಾಕಾ ಇದನ್ನು ಕೇಳಿ, "ಹಂಗಾದ್ರ ಥಾರೇ ತರೂಣು ಬಿಡ್ರಿ" ಅಂದುಬಿಟ್ಟರು.

ಆಗ ಅವರ ಕೈಗೇ ಟೇಪು ಕೊಟ್ಟು ಅಗಲ ಅಳೆಯಲು ಹೇಳಿದೆ. ಡಾಜ್‌ನ ಒಟ್ಟು ಅಗಲ 2.1 ಮೀಟರ್. ಬೊಲೆರೊದ್ದು 1745 ಮಿ.ಮೀ., ಥಾರ್ ಅದಕ್ಕಿಂತಲೂ ತುಸು ಕಡಿಮೆ. ಒಂದೊಂದು ಬದಿಗೆ ಏಳು ಇಂಚು. ಅಂದರೆ ಮಡ್‌ಗಾರ್ಡಿನ ಒಳಗೆ ಗಾಲಿ ಅಡಗಿ ಕೂರುತ್ತದೆ. ದೊಡ್ಡವರ ಅಂಗಿ ತೊಟ್ಟ ಹುಡುಗನ ಹಾಗೆ ಕಾಣುತ್ತದೆ ಗಾಡಿ. ನೋಡಲು ಕೆಡುವುದು ಒಂದು ಮಾತಾದರೆ, ಮೇಲಿನ ಭಾರ ಅಗಲವಾಗಿ ಕೆಳಗಿನ ಕಾಲು ಕಿರಿದಾದರೆ ತಿರುವಿನಲ್ಲಿ ಗಾಡಿ ವಾಲುವುದು ಇನ್ನೂ ದೊಡ್ಡ ಮಾತು. ದಪ್ಪ ಸ್ಪೇಸರ್ ಹಾಕಿ ಗಾಲಿ ಹೊರಗೆ ತರುವವರು ಇದ್ದಾರೆ. ಹಾಗೆ ಮಾಡಿದರೆ ಬೇರಿಂಗು, ಬಾಲ್ ಜಾಯಿಂಟುಗಳ ಮೇಲೆ ಬೀಳುವ ಹೊರೆ ಅವುಗಳಿಗೆ ತಡೆಯುವಂಥದ್ದಲ್ಲ. ಎರೆ ಹೊಲದ ಕೆಸರಿನಲ್ಲಿ ಅಂತೂ ಆಗದ ಮಾತು.

ಹಾಗಾದರೆ ಇವು ಯಾವುದಕ್ಕೆ ಸರಿ? ಕಿರಿದಾದ ಬಾಡಿಗಳಿಗೆ. ವಿಲ್ಲಿಸ್ ಜೀಪಿನ ಬಾಡಿ 80 ಇಂಚಿನ ವೀಲ್‌ಬೇಸಿನದು, ಅದಕ್ಕೆ ಥಾರ್ ಉದ್ದವಾಯಿತು. ಆದರೆ 91 ಇಂಚಿನ ಮಹೀಂದ್ರ ಎಂಎಂ 540 ಜೀಪಿನ ಕಾಲದ ಬಾಡಿಗಳು ಥಾರ್ ಕಡೆಗೆ ಐದಿಂಚಿನೊಳಗೆ ಬರುತ್ತವೆ. ಜೊಂಗಾದಂಥ ಬಾಡಿಯನ್ನು ನಾನಾಗಿ ಇನ್ನೂ ಕೂಡಿಸಿಲ್ಲ, ಆದ್ದರಿಂದ ಅದರ ಬಗ್ಗೆ ಹೇಳುವುದಿಲ್ಲ. ಶಕ್ತಿಮಾನ್ ವಿಚಾರವೂ ಇಲ್ಲಿ ಬೇಡ. ಅದು ಹುಟ್ಟಿನಿಂದಲೇ ಮ್ಯಾನ್ ಕಂಪನಿಯ ಪರವಾನಗಿಯ ಡೀಸೆಲ್ ಗಾಡಿ, ಅದಕ್ಕೆ ಬೇರೆ ಚಾಸಿ ಹುಡುಕುವ ಅಗತ್ಯವೇ ಕಡಿಮೆ.

ಅಮೆರಿಕದ ಗಾಡಿಗಳಿಗೆ ಇನ್ನೊಂದು ತೊಡಕು: ವಿಲ್ಲಿಸ್, ಡಾಜ್‌ಗಳ ಸ್ಟೇರಿಂಗ್ ಎಡಕ್ಕೆ. ನಮ್ಮ ಚಾಸಿಗಳದು ಬಲಕ್ಕೆ. ಹೊಸ ಚಾಸಿಗೆ ಕೂಡಿಸಬೇಕಾದರೆ ಮುಂದಿನ ಗೋಡೆಯಲ್ಲಿ ಹೊಸ ತೂತು ಕೊರೆಯಬೇಕು, ಹಳೆಯದನ್ನು ಮುಚ್ಚಬೇಕು, ಮೀಟರುಗಳ ಜಾಗ ಬದಲಿಸಬೇಕು. ತಗಡಿಗೆ ಬೀಳುವ ಮೊದಲ ಏಟು ಇಲ್ಲೇ. ಜಬಲ್ಪುರದ ಗಾಡಿಗಳಿಗೆ ಈ ತಾಪತ್ರಯ ಇಲ್ಲ.

ಹಳೆ ಪಂಪಿನ ಎಂಜಿನ್ನೋ, ಕಾಮನ್ ರೇಲೋ

ಥಾರ್ ಸಿಆರ್‌ಡಿಇ, ಅಂದರೆ ಡೀಸೆಲ್ ಚಿಮ್ಮುವುದನ್ನು ಕಂಪ್ಯೂಟರ್ ನಡೆಸುವ ಕಾಮನ್ ರೇಲ್ ಎಂಜಿನ್, 2498 ಸಿಸಿ, 105 ಅಶ್ವಶಕ್ತಿ. ಅದೇ ಮಹೀಂದ್ರದ ಹಳೆ ಪಂಪಿನ ಡಿಐ ಎಂಜಿನ್ 2523 ಸಿಸಿ, 63 ಅಶ್ವಶಕ್ತಿ. ಅಂಕಿ ನೋಡಿದರೆ ಯಾರಾದರೂ ಮೊದಲನೆಯದನ್ನೇ ಕೇಳುತ್ತಾರೆ. ಆದರೆ ಕಾಮನ್ ರೇಲ್ ಎಂಜಿನ್ ಒಬ್ಬಂಟಿಯಾಗಿ ಬರುವುದಿಲ್ಲ. ಇಸಿಯು (ಎಂಜಿನ್ನಿನ ಕಂಪ್ಯೂಟರ್), ಆಕ್ಸಿಲರೇಟರ್ ಪೆಡಲಿನ ಸೆನ್ಸರು, ಕೀಲಿಯ ಇಮ್ಮೊಬಿಲೈಸರು, ಮೀಟರ್ ಕ್ಲಸ್ಟರು, ಎಲ್ಲವೂ ಒಂದರೊಡನೊಂದು ಮಾತಾಡುತ್ತಿರುತ್ತವೆ. ಒಂದನ್ನು ಬಿಟ್ಟರೆ ಇನ್ನೊಂದು ಹಟ ಹಿಡಿಯುತ್ತದೆ. ಆದ್ದರಿಂದ ಅದನ್ನು ಆರಿಸುವುದಾದರೆ ಪೂರ್ತಿ ಗಾಡಿಯನ್ನೇ ಕೊಳ್ಳಿ, ವೈರಿಂಗನ್ನು ಒಂದೂ ತುಂಡು ಮಾಡದೆ ಇಡಿಯಾಗಿ ಬಿಚ್ಚಿ ಇಡಿಯಾಗಿ ಕೂಡಿಸಿ. ವೆಲ್ಡಿಂಗ್ ಮಾಡುವ ಮುಂಚೆ ಬ್ಯಾಟರಿಯೂ ಇಸಿಯುವೂ ಬಿಚ್ಚಿರಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳ ಸೈಲೆನ್ಸರಿನಲ್ಲಿ ಹೊಗೆಯ ಮಸಿ ಸುಡುವ ಫಿಲ್ಟರ್ ಇರುತ್ತದೆ. ಮಸಿ ಸುಡುವಾಗ ಅದರ ಒಳಗೆ 600 ಡಿಗ್ರಿಯಷ್ಟು ಕಾವು. ಕಟ್ಟಿಗೆ ಹಾಸಿದ ಹಳೆ ಡಬ್ಬಿಯ ಕೆಳಗೆ ಅದನ್ನು ಇಡುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೇ ತಿಂಗಳಲ್ಲಿ ಕಲಬುರಗಿ 42–43 ಡಿಗ್ರಿ ಮುಟ್ಟುತ್ತದೆ. ಥಾರ್‌ನ ಕಾಮನ್ ರೇಲ್ ಎಂಜಿನ್ನಿಗೆ ಒಳಹೋಗುವ ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಬೇರೆ ಬೇಕು, ಹಳೆ ಜಾಲರಿಯ ಹಿಂದೆ ಅದಕ್ಕೆ ಜಾಗ ಕಡಿಮೆ. ಹೊಲದ ಗಾಡಿಗೆ ನಾನು ಪಂಪಿನ ಎಂಜಿನ್ನನ್ನೇ ಹೇಳುತ್ತೇನೆ.

ವಿದ್ಯುತ್ತಿನ ಲೆಕ್ಕವೂ ಬೇರೆ. ವಿಲ್ಲಿಸ್, ಡಾಜ್‌ಗಳದು 6 ವೋಲ್ಟ್. ಹೊಸ ಎಂಜಿನ್ನಿನ 12 ವೋಲ್ಟನ್ನು ವಿದ್ಯುತ್ತಿನಿಂದ ನಡೆಯುವ ಹಳೆ ಮೀಟರುಗಳಿಗೆ ನೇರ ಕೊಟ್ಟರೆ ಸುಟ್ಟುಹೋಗಬಹುದು.

ಬಾಡಿ ಕೂಡಿಸುವಲ್ಲಿ ನಾನು ಮಾಡಿದ ತಪ್ಪು

ಆ ನಿಸಾನ್ ಕೆಲಸದಲ್ಲಿ ನಾನು ಬಾಡಿಯ ಬ್ರಾಕೆಟ್ಟುಗಳನ್ನು 407ರ ಚಾಸಿಗೆ ನೇರವಾಗಿ ವೆಲ್ಡ್ ಮಾಡಿದ್ದೆ. ಆರೂ ಕಡೆ ಗಟ್ಟಿಯಾಗಿ. ಗಟ್ಟಿ ಇದ್ದಷ್ಟು ಒಳ್ಳೆಯದು ಅನ್ನುವುದು ಆಗಿನ ನನ್ನ ತಿಳಿವಳಿಕೆ. ನಾಲ್ಕು ತಿಂಗಳಿಗೆ ಮಾಲೀಕರು ಫೋನ್ ಮಾಡಿದರು. ಹೋಗಿ ನೋಡಿದರೆ ಮುಂದಿನ ಗಾಜಿನ ಚೌಕಟ್ಟು ಕಾಲೂರುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಪುಟ್ಟಿಯ ಬಿರುಕು ಇರಬೇಕು ಅಂತ ಉಗುರಿನಿಂದ ಕೆದರಿದೆ. ಅಡಿಯ ತಗಡೇ ಸೀಳಿತ್ತು. ಉಗುರು ಒಳಗೆ ಇಳಿಯಿತು. ಅರವತ್ತು ವರ್ಷ ಏನೂ ಆಗದೆ ಇದ್ದ ತಗಡನ್ನು ನಾನು ನಾಲ್ಕು ತಿಂಗಳಲ್ಲಿ ಸೀಳಿದ್ದೆ.

ಕಾರಣ ಸರಳ. ಲಾರಿಯ ಚಾಸಿ ತಿರುಚುತ್ತದೆ, ತಿರುಚಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಒಂದು ಗಾಲಿ ಬದುವಿನ ಮೇಲೆ ಹತ್ತಿದಾಗ ಚಾಸಿಯ ಒಂದು ತುದಿ ಮೇಲೆ, ಇನ್ನೊಂದು ಕೆಳಗೆ. ಬಾಡಿಯನ್ನು ಆರು ಕಡೆ ಬಿಗಿದರೆ ಅದೂ ತಿರುಚಬೇಕಾಗುತ್ತದೆ, ಅದಕ್ಕೆ ಬಾರದು. ಈಗ ನಾನು ಮುಂಭಾಗವನ್ನು ಮೂರು ಕಡೆ ಮಾತ್ರ ಹಿಡಿಯುತ್ತೇನೆ, ಎರಡು ಒಂದು ತುದಿಗೆ, ಒಂದು ಇನ್ನೊಂದು ತುದಿಯ ನಡುವಿಗೆ. ಮೂರಕ್ಕೂ ದಪ್ಪ ರಬ್ಬರ್. ಹಿಂದಿನ ಡಬ್ಬಿಯನ್ನು ಅದರಿಂದ ಬೇರೆಯಾಗಿಯೇ ಇಡುತ್ತೇನೆ, ಚಾಸಿಗೂ ಡಬ್ಬಿಗೂ ನಡುವೆ ಕಟ್ಟಿಗೆಯ ಪಟ್ಟಿ. ಚಾಸಿಯ ಮೇಲಿನ, ಕೆಳಗಿನ ಅಂಚಿಗೆ ತೂತು ಹಾಕುವುದಿಲ್ಲ, ವೆಲ್ಡೂ ಇಲ್ಲ. ಬೇಕಾದ ತೂತು ಪಕ್ಕದ ನಿಂತ ಗೋಡೆಯಲ್ಲಿ ಮಾತ್ರ, ಅದೂ ಇರುವ ತೂತುಗಳನ್ನು ಮೊದಲು ಬಳಸಿಕೊಂಡು. ನಿಸಾನನ್ನು ಮತ್ತೆ ಬಿಚ್ಚಿ ಹೀಗೆ ಕೂಡಿಸಿಕೊಟ್ಟೆ, ಕೂಲಿ ತೆಗೆದುಕೊಳ್ಳಲಿಲ್ಲ. ಬಿರುಕು ಮತ್ತೆ ಬಂದಿಲ್ಲ.

ಹಳೆ ಚಾಸಿಗೇ ಡೀಸೆಲ್

ಕಾಕಾನ ಡಾಜ್ ಕಡೆಗೆ ಮತ್ತೆ ಬರೋಣ. 407 ಉದ್ದವಾಯಿತು, ಥಾರ್ ಕಿರಿದಾಯಿತು. ಉಳಿದದ್ದು ಅವರು ಯೋಚಿಸದೆ ಇದ್ದ ಆಯ್ಕೆ: ಬೇವಿನ ಮರದ ಕೆಳಗೆ ಬಾಡಿಯ ಜೊತೆಗೇ ನಿಂತಿದ್ದ ಮೂಲ ಚಾಸಿ. ಅದನ್ನು ತರಿಸಿ ಪರಸಿಯ ಮೇಲೆ ಮೂಲೆಯಿಂದ ಮೂಲೆಗೆ ಅಳೆದೆವು. ಎರಡೂ ಕರ್ಣ ಸಮ ಬಂದವು, ಚಾಸಿ ಸೊಟ್ಟಗಾಗಿಲ್ಲ. ತುಕ್ಕು ಕೆರೆದಾಗ ಹಿಂದಿನ ಒಂದು ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ) ಮಾತ್ರ ತಿಂದುಹೋಗಿತ್ತು.

ಈ ಗಾಡಿಯಲ್ಲಿ ಎಂಜಿನ್ ಬದಲಿಸಲು ಅನುಕೂಲವಾದ ಒಂದು ರಚನೆ ಇದೆ. ಮುಂದಿನ, ಹಿಂದಿನ ಗಾಲಿಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಹಿಂದೆ ಬೇರೆಯಾಗಿ ಕೂತಿದೆ, ನಡುವೆ ಒಂದು ಗಿಡ್ಡ ಶಾಫ್ಟು. ಆದ್ದರಿಂದ ಮಹೀಂದ್ರ ಡಿಐ ಎಂಜಿನ್ನನ್ನು ಅದರ ಗೇರ್‌ಬಾಕ್ಸ್ ಸಮೇತ ಕೂಡಿಸಿ, ಆ ಗಿಡ್ಡ ಶಾಫ್ಟೊಂದನ್ನೇ ಲೇತಿನಲ್ಲಿ ಹೊಸದಾಗಿ ಮಾಡಿಸಿದರೆ ನಾಲ್ಕು ಗಾಲಿಗೂ ಚಾಲನೆ ಹಾಗೇ ಉಳಿಯುತ್ತದೆ. ಮೂಲದ್ದು ಆರು ಸಿಲಿಂಡರಿನ ಉದ್ದ ಎಂಜಿನ್, ನಾಲ್ಕು ಸಿಲಿಂಡರಿನದು ಅದಕ್ಕಿಂತ ಗಿಡ್ಡ. ಬಾನೆಟ್ಟಿನೊಳಗೆ ದೊಡ್ಡ ರೇಡಿಯೇಟರಿಗೆ ಜಾಗ ಸಿಗುತ್ತದೆ.

ಕೊರತೆಯೂ ಇದೆ. ಮೂಲ ಎಂಜಿನ್ 92 ಅಶ್ವಶಕ್ತಿ, ಡಿಐ 63. ಹೌಸಿಂಗಿನ ಕ್ರೌನ್ ಪಿನಿಯನ್ 5.83ಕ್ಕೆ 1 (ಗಾಲಿಯ ಒಂದು ಸುತ್ತಿಗೆ ಶಾಫ್ಟಿನದು 5.83 ಸುತ್ತು). ಅಂದರೆ 9.00-16 ಟೈರು ಒಂದು ಸುತ್ತಿಗೆ ಸುಮಾರು 2.86 ಮೀಟರ್ ಹೋಗುವುದರಿಂದ, ಗೇರ್‌ಬಾಕ್ಸ್ ನೇರ ಗೇರಿನಲ್ಲಿದ್ದಾಗ ಗಂಟೆಗೆ 60 ಕಿ.ಮೀ.ಗೆ ಎಂಜಿನ್ ನಿಮಿಷಕ್ಕೆ 2000 ಸುತ್ತು ದಾಟುತ್ತದೆ, 80ಕ್ಕೆ 2700. ಹೈವೇ ಮೇಲೆ ಇದು ಗದ್ದಲ. ತೋಟದಲ್ಲಿ, ಬಾಳೆಗೊನೆ ಹೇರಿ 20ರ ಮೇಲೆ ಓಡದ ಗಾಡಿಗೆ ಇದೇ ಅನುಕೂಲ. ಬ್ರೇಕಿಗೆ ಮೂಲದಲ್ಲಿ ಬೂಸ್ಟರ್ ಇಲ್ಲ. ಡೀಸೆಲ್ ಎಂಜಿನ್ನಿನ ಆಲ್ಟರ್ನೇಟರ್ ಬೆನ್ನಿಗೆ ವ್ಯಾಕ್ಯೂಮ್ ಪಂಪು ಇರುವುದರಿಂದ ಬೂಸ್ಟರ್ ಸೇರಿಸುವುದು ಸುಲಭ. ಸ್ಟೇರಿಂಗ್ ಎಡಕ್ಕೇ ಉಳಿಯುತ್ತದೆ, ಮುಂದಿನ ಗೋಡೆಗೆ ಡ್ರಿಲ್ ಮುಟ್ಟಿಸುವ ಪ್ರಮೇಯವಿಲ್ಲ. ಹಳೆ ಜೀಪುಗಳಿಗೆ ಮೆಟಾಡೋರಿನ ಎಂಜಿನ್ ಹಾಕುತ್ತಿದ್ದ ಕಾಲದಿಂದಲೂ ನಮ್ಮ ಮಿಸ್ತ್ರಿಗಳಿಗೆ ಈ ಕೆಲಸದ ಕೈ ಪಳಗಿದೆ. ಮೇಲಾಗಿ, ನಾಳೆ ಮೂಲ ಎಂಜಿನ್ ಸಿಕ್ಕರೆ ಹೊಸ ಫೌಂಡೇಶನ್ (ಎಂಜಿನ್ ಕೂರುವ ಆಧಾರ) ಬಿಚ್ಚಿ ಅದನ್ನೇ ಮತ್ತೆ ಕೂಡಿಸಬಹುದು. ಚಾಸಿ ಬದಲಿಸಿದ ಗಾಡಿಗೆ ಈ ಹಾದಿ ಇಲ್ಲ.

ಕಾಕಾ ಎರಡು ದಿನ ಯೋಚನೆ ಮಾಡಿದರು. ಮೂರನೇ ದಿನ ಮಗನನ್ನು ಕರೆದುಕೊಂಡು ಬಂದು, ನೆಲದ ಮೇಲಿದ್ದ ಎರಡು ಬಣ್ಣದ ಗುರುತುಗಳನ್ನು ತಾವೇ ಬೆರಳಿಟ್ಟು ತೋರಿಸಿ ಅವನಿಗೆ ತಿಳಿಸಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಸ್ಕಾರ್ಪಿಯೋ ಬ್ಯಾಡ್ರಿ ಮಿಸ್ತ್ರಿ. ನಮ್ಮಪ್ಪ ತಂದಿದ್ದ ಚಾಸಿನೇ ಇರ್ಲಿ" ಅಂದರು. ತುಕ್ಕು ಹಿಡಿದ ಕ್ರಾಸ್ ಮೆಂಬರ್ ಹೊಸದಾಗಿದೆ, ಡಿಐ ಎಂಜಿನ್ ಫೌಂಡೇಶನ್ ಮೇಲೆ ಕೂತಿದೆ. ಗಿಡ್ಡ ಶಾಫ್ಟು ಲೇತಿನಿಂದ ಈ ವಾರ ಬರಬೇಕು.